68,000 ಡಾಲರ್, ಹನ್ನೊಂದು ಇಟಿಎಫ್: ಈ ಪಟ್ಟಿ ನಡೆಯುತ್ತದೆಯೇ?

ನದಿದಂಡೆ (ಮಿಸ್ಸಿಸಾಗಾ), ಫೆಬ್ರವರಿ 3, 2026

ಎಲ್ಲರಿಗೂ ನಮಸ್ಕಾರ. ನಾವು 2021ರ ಆಗಸ್ಟ್‌ನಲ್ಲಿ ಮೈಸೂರಿನಿಂದ ಕೆನಡಾಕ್ಕೆ ಬಂದವರು. ನಾನು, ಹೆಂಡತಿ, ಇಲ್ಲೇ 2022ರಲ್ಲಿ ಹುಟ್ಟಿದ ಮಗಳು. ನನ್ನ ಸಂಬಳ 92,000 ಡಾಲರ್, ಹೆಂಡತಿಯದು ಅರೆಕಾಲಿಕ ಕೆಲಸ. ಉಳಿತಾಯ ಖಾತೆಯಲ್ಲಿ 68,000 ಡಾಲರ್ ಸುಮ್ಮನೆ ಬಿದ್ದಿದೆ, ನೂರಕ್ಕೆ ಒಂದು ಬಡ್ಡಿಯೂ ಹುಟ್ಟುತ್ತಿಲ್ಲ. ಇದಲ್ಲದೆ, ಬಂದ ಹೊಸದರಲ್ಲಿ ಬ್ಯಾಂಕಿನಲ್ಲಿ ಹೇಳಿದರೆಂದು ಟಿಎಫ್‌ಎಸ್‌ಎ (ಗಳಿಕೆಗೆ ತೆರಿಗೆಯಿಲ್ಲದ ಉಳಿತಾಯ ಖಾತೆ) ತೆರೆದು ಅವರದೇ ಮ್ಯೂಚುವಲ್ ಫಂಡಿಗೆ 14,000 ಹಾಕಿದ್ದೆ. ಮೊನ್ನೆ ಅದರ ಕಾಗದ ತೆಗೆದು ಓದಿದರೆ ವಾರ್ಷಿಕ ವೆಚ್ಚ 2.3 ಪ್ರತಿಶತ ಎಂದಿದೆ. ಇನ್ನು ಮುಂದೆ ನಾನೇ ನೋಡಿಕೊಳ್ಳುತ್ತೇನೆ ಎಂದು ತೀರ್ಮಾನಿಸಿ ಒಂದು ತಿಂಗಳು ಕುಳಿತು ಇಟಿಎಫ್‌ಗಳ (ಷೇರಿನಂತೆ ಪೇಟೆಯಲ್ಲಿ ಕೊಳ್ಳುವ ಫಂಡುಗಳ) ಪಟ್ಟಿ ಮಾಡಿದ್ದೇನೆ.

ಎಸ್ ಆ್ಯಂಡ್ ಪಿ 500 (ಅಮೆರಿಕದ ಐನೂರು ದೊಡ್ಡ ಕಂಪನಿಗಳು), ಇಡೀ ಅಮೆರಿಕದ ಪೇಟೆ, ನಾಸ್ಡಾಕ್ 100 (ಹೆಚ್ಚಾಗಿ ತಂತ್ರಜ್ಞಾನ ಕಂಪನಿಗಳು), ಟೊರೊಂಟೊ ಪೇಟೆಯ ದೊಡ್ಡ 60 ಕಂಪನಿಗಳು, ಕೆನಡಾದ ಬ್ಯಾಂಕುಗಳು, ಡಿವಿಡೆಂಡ್ (ಕಂಪನಿ ಹಂಚುವ ಲಾಭಾಂಶ) ಫಂಡು, ಯುರೋಪ್ ಮತ್ತು ಜಪಾನ್, ಉದಯೋನ್ಮುಖ ದೇಶಗಳು, ಭಾರತ, ಚಿನ್ನ, ಒಂದು ಬಾಂಡ್ (ಸಾಲಪತ್ರ) ಫಂಡು. ಒಟ್ಟು ಹನ್ನೊಂದು. ಯಾವುದಕ್ಕೆ ಎಷ್ಟು ಪಾಲು ಕೊಡಬೇಕು? ಟಿಎಫ್‌ಎಸ್‌ಎ ಮಿತಿ ಈಗ 1,09,000 ಎಂದು ಓದಿದೆ, ಹಾಗಾದರೆ ಪೂರ್ತಿ 68,000 ನನ್ನ ಹೆಸರಿನಲ್ಲೇ ಹಾಕಬಹುದಲ್ಲವೇ? ಆರ್‌ಆರ್‌ಎಸ್‌ಪಿ ಎಂಬ ನಿವೃತ್ತಿಯ ಉಳಿತಾಯ ಖಾತೆಯಲ್ಲಿ ಅಮೆರಿಕದ ಡಾಲರಿನ ಫಂಡು ಕೊಂಡರೆ ತೆರಿಗೆ ಉಳಿಯುತ್ತದೆ ಎನ್ನುತ್ತಾರೆ, ನಿಜವೇ? ಪ್ರಶ್ನೆ ಬಹಳವಾಯಿತು, ಬೇಸರಿಸಬೇಡಿ.

ಒಂದೇ ಫಂಡು (ವಾಟರ್‌ಲೂ)

ಪಟ್ಟಿಯ ಮೊದಲ ಮೂರನ್ನು ನೋಡಿ. ಇಡೀ ಅಮೆರಿಕದ ಫಂಡಿನಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಇರುವುದು ಅದೇ ಎಸ್ ಆ್ಯಂಡ್ ಪಿ 500ರ ಕಂಪನಿಗಳು, ಉಳಿದದ್ದು ಒಂದು ಪಾಲು. ನಾಸ್ಡಾಕ್ 100ರ ತಲೆಯಲ್ಲಿರುವ ಎನ್‌ವಿಡಿಯಾ, ಆ್ಯಪಲ್, ಮೈಕ್ರೋಸಾಫ್ಟ್ ಉಳಿದೆರಡರ ತಲೆಯಲ್ಲೂ ಇವೆ. ತೊವ್ವೆ, ಹುಳಿ, ಸಾರು ಬಡಿಸಿ ಮೂರು ಬಗೆ ಎಂದರೂ ಬೆಂದಿರುವುದು ಒಂದೇ ತೊಗರಿಬೇಳೆ. ಟೊರೊಂಟೊದ 60, ಬ್ಯಾಂಕ್ ಫಂಡು, ಡಿವಿಡೆಂಡ್ ಫಂಡು ಇವುಗಳ ಕಥೆಯೂ ಅಷ್ಟೇ: ಮೂರರಲ್ಲೂ ಅದೇ ಐದಾರು ಬ್ಯಾಂಕುಗಳು.

2018ರಿಂದ ಈಚೆಗೆ ಎಲ್ಲವನ್ನೂ ಒಂದರೊಳಗೆ ತುಂಬಿದ ಇಟಿಎಫ್‌ಗಳು ಬಂದಿವೆ. ಎಕ್ಸ್‌ಇಕ್ಯೂಟಿ ಅಥವಾ ವಿಇಕ್ಯೂಟಿ ಎಂದರೆ ಪೂರ್ತಿ ಷೇರು. ವಿಗ್ರೋ ಎಂದರೆ 80 ಪಾಲು ಷೇರು, 20 ಪಾಲು ಬಾಂಡ್. ವಿಬಾಲ್ ಎಂದರೆ 60 ಮತ್ತು 40. ವೆಚ್ಚ ಸುಮಾರು 0.2 ಪ್ರತಿಶತ. ನಿಮ್ಮ 14,000ಕ್ಕೆ ಈಗ ವರ್ಷಕ್ಕೆ 322 ಡಾಲರ್ ಕೊಡುತ್ತಿದ್ದೀರಿ, ಇಲ್ಲಿ 28 ಆಗುತ್ತದೆ. ಒಂದು ದೇಶ ಏರಿ ಇನ್ನೊಂದು ಇಳಿದಾಗ ಪಾಲು ಸರಿಹೊಂದಿಸುವ ಕೆಲಸವನ್ನೂ ಫಂಡೇ ಮಾಡಿಕೊಳ್ಳುತ್ತದೆ. ನನ್ನದು ಏಳು ವರ್ಷದಿಂದ ಒಂದೇ ಫಂಡು. ಹೇಳಿಕೊಳ್ಳಲು ಏನೂ ಇಲ್ಲ, ಅದೇ ಅದರ ಸುಖ.

ಡಿವಿಡೆಂಡ್ ಧಾರವಾಡ (ಎಡ್ಮಂಟನ್)

ಎಲ್ಲರಿಗೂ ಒಂದೇ ಅಂಗಿ ಹೊಲಿಯುವ ಮಾತು ನನಗೆ ಒಪ್ಪಿಗೆಯಿಲ್ಲ. ಕೆನಡಾದ ಬ್ಯಾಂಕು, ಪೈಪ್‌ಲೈನ್, ವಿದ್ಯುತ್ ಕಂಪನಿಗಳು ದಶಕಗಳಿಂದ ಡಿವಿಡೆಂಡ್ ಕೊಡುತ್ತಾ ಬಂದಿವೆ. ಪೇಟೆ ಬಿದ್ದರೂ ಮೂರು ತಿಂಗಳಿಗೊಮ್ಮೆ ಖಾತೆಗೆ ದುಡ್ಡು ಬೀಳುತ್ತದೆ. ಮನೆ ಬಾಡಿಗೆ ಬಂದಂತೆ. ಮೇಲಾಗಿ ಕೆನಡಾದ ಡಿವಿಡೆಂಡಿಗೆ ತೆರಿಗೆ ರಿಯಾಯಿತಿಯೂ ಇದೆ. ಎಂಟು ಹತ್ತು ಒಳ್ಳೆಯ ಕಂಪನಿ ಹಿಡಿದು ಕುಳಿತರೆ ಯಾವ ಫಂಡಿನ ಹಂಗೂ ಬೇಕಿಲ್ಲ.

ಒಂದೇ ಫಂಡು (ವಾಟರ್‌ಲೂ)

ಆ ರಿಯಾಯಿತಿ ಸಿಗುವುದು ತೆರಿಗೆ ಬೀಳುವ ಸಾಮಾನ್ಯ ಖಾತೆಯಲ್ಲಿ. ಟಿಎಫ್‌ಎಸ್‌ಎ ಒಳಗೆ ತೆರಿಗೆಯೇ ಇಲ್ಲದ ಮೇಲೆ ರಿಯಾಯಿತಿ ಎಲ್ಲಿಂದ? ಇನ್ನು ತಪ್ಪದ ಬಾಡಿಗೆ ಎಂಬ ಮಾತು. ಬಿಸಿಇ ಎಂಬ ದೂರವಾಣಿ ಕಂಪನಿಯ ಡಿವಿಡೆಂಡನ್ನು ಸರ್ಕಾರಿ ಪಿಂಚಣಿಯಷ್ಟೇ ಗಟ್ಟಿ ಎಂದು ನಂಬಿದವರು ಲಕ್ಷಾಂತರ ಜನ. 2025ರ ಮೇ ತಿಂಗಳಲ್ಲಿ ಅದು ಷೇರಿಗೆ ವರ್ಷಕ್ಕೆ 3.99 ಡಾಲರ್ ಇದ್ದದ್ದು 1.75ಕ್ಕೆ ಇಳಿಯಿತು.

ಡಿವಿಡೆಂಡ್ ಧಾರವಾಡ (ಎಡ್ಮಂಟನ್)

ಒಂದು ಹಲ್ಲು ಹುಳುಕೆಂದು ಬಾಯಿಯನ್ನೇ ಕೀಳಿಸುತ್ತಾರೆಯೇ? ನನ್ನ ದಾರಿ ನನಗೆ. ಹದಿನಾಲ್ಕು ವರ್ಷದಿಂದ ನಡೆದಿದೆ.

ಲೆಕ್ಕದಕ್ಕ (ಕ್ಯಾಲ್ಗರಿ)

ಇಬ್ಬರೂ ಸ್ವಲ್ಪ ಸುಮ್ಮನಿರಿ. ನದಿದಂಡೆಯವರೇ, ಆ 1,09,000 ನಿಮ್ಮದಲ್ಲ. ಅದು 2009ರಲ್ಲಿ ಟಿಎಫ್‌ಎಸ್‌ಎ ಶುರುವಾದಾಗ ಹದಿನೆಂಟು ತುಂಬಿದ್ದು, ಅಂದಿನಿಂದ ಇಲ್ಲೇ ಇದ್ದವರ ಲೆಕ್ಕ. ನಿಮ್ಮದು ಇಲ್ಲಿನ ನಿವಾಸಿಯಾದ ವರ್ಷದಿಂದ ಎಣಿಕೆ. ಆಗಸ್ಟ್‌ನಲ್ಲಿ ಬಂದರೂ ಆ ವರ್ಷದ ಮಿತಿ ಪೂರ್ತಿ ಸಿಗುತ್ತದೆ, ಅದೊಂದು ಉಪಕಾರ. 2021 ಮತ್ತು 2022ಕ್ಕೆ ತಲಾ 6,000, 2023ಕ್ಕೆ 6,500, ಮುಂದಿನ ಮೂರು ವರ್ಷಕ್ಕೆ ತಲಾ 7,000. ಕೂಡಿದರೆ 39,500. ಅದರಲ್ಲಿ 14,000 ಬಳಸಿದ್ದೀರಿ, ಉಳಿದದ್ದು 25,500. ಹೆಂಡತಿಯ 39,500 ಹಾಗೇ ಇದೆ. ಅವರ ಖಾತೆಗೆ ನೀವು ಹಣ ಕೊಡಬಹುದು, ಯಾರ ಅಡ್ಡಿಯೂ ಇಲ್ಲ. ಪೂರ್ತಿ 68,000 ನಿಮ್ಮ ಹೆಸರಿನಲ್ಲೇ ಸುರಿದಿದ್ದರೆ ಮೀರಿದ 42,500ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ 425 ಡಾಲರ್ ದಂಡ ಓಡುತ್ತಿತ್ತು.

ಈಗ ನನ್ನ ಪ್ರಶ್ನೆ. ಈ ದುಡ್ಡು ಯಾವಾಗ ಬೇಕು, ಏತಕ್ಕೆ ಬೇಕು? ನಿಮ್ಮ ಇಡೀ ಬರಹದಲ್ಲಿ ಅದೊಂದನ್ನು ಬಿಟ್ಟು ಉಳಿದೆಲ್ಲ ಇದೆ.

ಹ್ಯಾಲಿಫ್ಯಾಕ್ಸ್ ಮಳೆ

ಅಕ್ಕ ಹೇಳಿದ ದಂಡಕ್ಕೆ ನಾನೇ ಜೀವಂತ ಸಾಕ್ಷಿ. ಒಂದು ಮಾರ್ಚ್‌ನಲ್ಲಿ ಕಾರಿಗೆಂದು ಟಿಎಫ್‌ಎಸ್‌ಎಯಿಂದ 9,000 ತೆಗೆದೆ. ಅಕ್ಟೋಬರ್‌ನಲ್ಲಿ ಕೈಗೆ ದುಡ್ಡು ಬಂತು, ತೆಗೆದದ್ದನ್ನೇ ತಾನೇ ಹಾಕುವುದು ಎಂದು ವಾಪಸು ಹಾಕಿದೆ. ತೆಗೆದ ಹಣದ ಜಾಗ ಮತ್ತೆ ಹುಟ್ಟುವುದು ಮುಂದಿನ ಜನವರಿ 1ಕ್ಕೆ. ನನಗೆ ಆಗ ಬೇರೆ ಮಿತಿಯೇ ಉಳಿದಿರಲಿಲ್ಲ. ಮೂರು ತಿಂಗಳಿಗೆ 270 ಡಾಲರ್ ಕಟ್ಟಿದೆ.

ನದಿದಂಡೆ (ಮಿಸ್ಸಿಸಾಗಾ), ಫೆಬ್ರವರಿ 5

ಅಕ್ಕ, ಒಳ್ಳೆಯ ಕಾಲಕ್ಕೆ ತಡೆದಿರಿ, ಮರುದಿನವೇ ಹಾಕುವವನಿದ್ದೆ. ಯಾವಾಗ ಬೇಕು ಎಂದರೆ, ಮೂರು ವರ್ಷದೊಳಗೆ ಮನೆ ಕೊಳ್ಳಬೇಕೆಂದಿದೆ. ಮುಂಗಡಕ್ಕೆ ನಮ್ಮ ಕೈಯಿಂದ ಕನಿಷ್ಠ 40,000 ಬೇಕು. ಮೈಸೂರಿನ ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದ್ದೇವೆ, ಅದನ್ನು ಮಾರುವ ಯೋಚನೆಯಿಲ್ಲ. ಹೊರಡುವ ತನಕ ಅಲ್ಲೇ ಇದ್ದೆವು.

ಲೆಕ್ಕದಕ್ಕ (ಕ್ಯಾಲ್ಗರಿ)

ನೋಡಿ, ಹನ್ನೊಂದು ಫಂಡುಗಳ ಮೆರವಣಿಗೆ ಇಲ್ಲಿಗೆ ಅರ್ಧ ಕರಗಿತು. ಮೂರು ವರ್ಷದಲ್ಲಿ ಬೇಕಾದ ದುಡ್ಡು ಷೇರಿಗೆ ಹೋಗಬಾರದು. ಅದು ಜಿಐಸಿಗೋ (ಇಲ್ಲಿನ ಎಫ್‌ಡಿ) ಬಡ್ಡಿ ಕೊಡುವ ಉಳಿತಾಯ ಖಾತೆಗೋ ಹೋಗಲಿ.

ಆದರೆ ಯಾವ ಖಾತೆಯ ಒಳಗೆ ಎಂಬುದರಲ್ಲಿ ಲಾಭವಿದೆ. ಮೊದಲ ಮನೆಗೆಂದೇ 2023ರ ಏಪ್ರಿಲ್‌ನಿಂದ ಎಫ್‌ಎಚ್‌ಎಸ್‌ಎ ಬಂದಿದೆ. ವರ್ಷಕ್ಕೆ 8,000, ಜೀವನಪೂರ್ತಿ 40,000. ಹಾಕುವಾಗ ಆರ್‌ಆರ್‌ಎಸ್‌ಪಿಯಂತೆ ತೆರಿಗೆ ಬೀಳುವ ಆದಾಯದಿಂದ ಕಳೆಯುತ್ತಾರೆ, ಮನೆಗೆಂದು ತೆಗೆಯುವಾಗ ಟಿಎಫ್‌ಎಸ್‌ಎಯಂತೆ ತೆರಿಗೆಯಿಲ್ಲ. ಖಾತೆ ತೆರೆದ ವರ್ಷದಿಂದ ಮಾತ್ರ ಮಿತಿ ಹುಟ್ಟುತ್ತದೆ, ಆದ್ದರಿಂದ ತೆರೆಯದೆ ಕುಳಿತವರಿಗೆ ಏನೂ ಕೂಡುವುದಿಲ್ಲ.

ನಿಮ್ಮ ಫ್ಲ್ಯಾಟಿನ ವಿಷಯ ಮುಖ್ಯವಾಗುವುದು ಇಲ್ಲೇ. ಈ ವರ್ಷ ಮತ್ತು ಹಿಂದಿನ ನಾಲ್ಕು ಕ್ಯಾಲೆಂಡರ್ ವರ್ಷಗಳಲ್ಲಿ ಸ್ವಂತ ಮನೆಯಲ್ಲಿ ವಾಸವಿದ್ದವರು ಈ ಖಾತೆ ತೆರೆಯುವಂತಿಲ್ಲ, ಆ ಮನೆ ಮೈಸೂರಿನಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ. ನೀವು ಅಲ್ಲಿ ಇದ್ದದ್ದು 2021ರ ಆಗಸ್ಟ್‌ವರೆಗೆ. ಹೋದ ವರ್ಷ ತೆರೆದಿದ್ದರೆ 2021 ಆ ನಾಲ್ಕರೊಳಗೆ ಬರುತ್ತಿತ್ತು. ಈ ಜನವರಿಗೆ ಅದು ಕಳಚಿತು. ಈಗ ಇಬ್ಬರೂ ತೆರೆಯಬಹುದು. ಎಂಟು ಮತ್ತು ಎಂಟು ಹದಿನಾರು. ಆರ್‌ಆರ್‌ಎಸ್‌ಪಿಗೆ ಮಾರ್ಚ್ 2ರ ತನಕ ಹಾಕಿದ್ದು ಹಿಂದಿನ ವರ್ಷದ ತೆರಿಗೆಗೆ ಸಲ್ಲುತ್ತದೆ, ಎಫ್‌ಎಚ್‌ಎಸ್‌ಎಗೆ ಆ ಅರವತ್ತು ದಿನದ ಕೃಪೆ ಇಲ್ಲ, ಈಗ ಹಾಕಿದ್ದು 2026ಕ್ಕೇ. ಹೆಂಡತಿಯ ಆದಾಯ ಕಡಿಮೆ ಇದ್ದರೆ ಅವರ ಕಡಿತವನ್ನು ಸಂಬಳ ಏರಿದ ವರ್ಷಕ್ಕೆ ಕಾದಿರಿಸಿ.

ಮಗಳ ಆರ್‌ಇಎಸ್‌ಪಿ (ಮಕ್ಕಳ ಓದಿನ ಉಳಿತಾಯ ಖಾತೆ) ತೆರೆದಿದ್ದೀರಾ? ವರ್ಷಕ್ಕೆ 2,500 ಹಾಕಿದರೆ ಸರ್ಕಾರ 500 ಸೇರಿಸುತ್ತದೆ. ತಪ್ಪಿದ ವರ್ಷಗಳನ್ನು ಒಂದೊಂದಾಗಿ ಹಿಂಪಡೆಯಬಹುದು, ಅಂದರೆ ಈ ವರ್ಷ 5,000 ಹಾಕಿದರೆ 1,000 ಬರುತ್ತದೆ. ನೂರಕ್ಕೆ ಇಪ್ಪತ್ತು ಕೈಗಿಟ್ಟು ಕೊಡುವ ಫಂಡು ಯಾವ ಪಟ್ಟಿಯಲ್ಲೂ ಇಲ್ಲ.

ರಿಡೋ ರಾಯರು (ಒಟ್ಟಾವ)

ತಡವಾಗಿ ಬಂದೆ. ಯಾರೋ ಕೆನಡಾದ ಎಂಟು ಹತ್ತು ಕಂಪನಿ ಸಾಕೆಂದರು. ನಾನು ಇಲ್ಲಿಗೆ ಬಂದದ್ದು 1996ರಲ್ಲಿ. 2000ದ ಬೇಸಿಗೆಯಲ್ಲಿ ಈ ಊರಿನ ಹೋಟೆಲು, ಕ್ಷೌರದ ಅಂಗಡಿ, ಬಸ್ಸು ಎಲ್ಲೆಲ್ಲೂ ನಾರ್ಟೆಲ್ ಎಂಬ ಟೆಲಿಕಾಂ ಕಂಪನಿಯ ಮಾತೇ ಮಾತು. ಷೇರು 124.50 ಡಾಲರ್ ಮುಟ್ಟಿತ್ತು. ಟೊರೊಂಟೊ ಸೂಚ್ಯಂಕದ ಮೂರನೇ ಒಂದು ಪಾಲಿಗಿಂತ ಹೆಚ್ಚು ಅದೊಂದೇ ಕಂಪನಿ. ಸೂಚ್ಯಂಕದ ಫಂಡು ಕೊಂಡು ಇಡೀ ದೇಶಕ್ಕೆ ದುಡ್ಡು ಹರಡಿದ್ದೇನೆ ಎಂದುಕೊಂಡಿದ್ದ ನನ್ನಂಥವರ ನೂರು ಡಾಲರಿನಲ್ಲಿ ಮೂವತ್ತಕ್ಕೂ ಹೆಚ್ಚು ಅಲ್ಲಿ ಕುಳಿತಿತ್ತು. 2009ರ ಜನವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಜಗತ್ತಿನ ಷೇರು ಪೇಟೆಯಲ್ಲಿ ಕೆನಡಾದ ಪಾಲು ನೂರಕ್ಕೆ ಮೂರರಷ್ಟು. ಹಾಗಾದರೆ ಈ ಎಲ್ಲವೂ ಸೇರಿದ ಫಂಡುಗಳು ಕೆನಡಾಕ್ಕೆ 25ರಿಂದ 30 ಪಾಲು ಕೊಡುವುದೇಕೆ ಎಂದು ಹೊಸಬರು ಕೇಳುತ್ತಾರೆ. ನಾವು ದಿನಸಿ ಕೊಳ್ಳುವುದು ಇಲ್ಲಿನ ಡಾಲರಿನಲ್ಲಿ, ನಿವೃತ್ತರಾಗುವುದೂ ಇಲ್ಲೇ, ಆದ್ದರಿಂದ ಒಂದು ಪಾಲು ಇಲ್ಲಿನ ಹಣದಲ್ಲಿರುವುದು ನೆಮ್ಮದಿ. ಆದರೆ ಇಲ್ಲಿನ ಪೇಟೆಯೆಂದರೆ ಬಹುಪಾಲು ಬ್ಯಾಂಕು, ಎಣ್ಣೆ, ಗಣಿ. ಔಷಧ ಕಂಪನಿ ಸಿಗುವುದೇ ಅಪರೂಪ. ಕಾಲು ಭಾಗ ಸಾಕು, ಉಳಿದದ್ದು ಜಗತ್ತಿನಲ್ಲಿರಲಿ.

ನದಿದಂಡೆ (ಮಿಸ್ಸಿಸಾಗಾ), ಫೆಬ್ರವರಿ 8

ರಾಯರೇ, ಅಕ್ಕ, ರಾತ್ರಿ ಹೆಂಡತಿಯೊಂದಿಗೆ ಕುಳಿತು ಲೆಕ್ಕ ಹಾಕಿದೆ. ಎರಡು ಎಫ್‌ಎಚ್‌ಎಸ್‌ಎಗೆ 16,000. ಹೆಂಡತಿಯ ಟಿಎಫ್‌ಎಸ್‌ಎಯಲ್ಲಿ ಮನೆಗೆಂದು ಇನ್ನೂ 24,000 ಜಿಐಸಿ. ಕೆಲಸ ಹೋದರೆ ಎಂಬ ಭಯಕ್ಕೆ 10,000. ಮಗಳಿಗೆ 5,000. ಉಳಿದದ್ದು 13,000. ಬ್ಯಾಂಕಿನ ಫಂಡಿನ 14,000 ಸೇರಿಸಿದರೆ 27,000. ಒಂದು ತಿಂಗಳು ನಿದ್ದೆಗೆಟ್ಟು ಪಟ್ಟಿ ಮಾಡಿದ್ದು ಈ ಇಪ್ಪತ್ತೇಳಕ್ಕಾಗಿ ಎಂದು ಹೆಂಡತಿ ನಗುತ್ತಿದ್ದಾಳೆ.

ಹಾಗಾದರೆ ಇದಿಷ್ಟನ್ನು ಪೂರ್ತಿ ಷೇರಿನ ಫಂಡಿಗೆ ಹಾಕಲೇ, ಬಾಂಡ್ ಬೇಕೇ? 2022ರಲ್ಲಿ ಬಾಂಡೂ ಬಿತ್ತಲ್ಲ?

ಹ್ಯಾಲಿಫ್ಯಾಕ್ಸ್ ಮಳೆ

ಬಿದ್ದದ್ದು ನಿಜ. ಬಡ್ಡಿ ದರ ಸರಸರನೆ ಏರಿದ ವರ್ಷ ಅದು, ಕೆನಡಾದ ಬಾಂಡ್ ಸೂಚ್ಯಂಕ 11 ಪ್ರತಿಶತಕ್ಕೂ ಹೆಚ್ಚು ಇಳಿಯಿತು. ಆದರೂ ಬಾಂಡ್ ಬೇಕೇ ಎಂಬುದಕ್ಕೆ ಉತ್ತರ ಬಾಂಡಿನಲ್ಲಿಲ್ಲ, ನಿಮ್ಮಲ್ಲಿದೆ.

2020ರಲ್ಲಿ ನನ್ನ 22,000 ಪೂರ್ತಿ ಷೇರಿನಲ್ಲಿತ್ತು. ಬಿದ್ದರೆ ಬೀಳಲಿ, ನನಗಿನ್ನೂ ಮೂವತ್ತು ವರ್ಷ ಸಮಯವಿದೆ ಎಂದು ಎಲ್ಲರೆದುರು ಹೇಳುತ್ತಿದ್ದೆ. ಫೆಬ್ರವರಿ 20ಕ್ಕೆ 17,944 ಇದ್ದ ಟೊರೊಂಟೊ ಸೂಚ್ಯಂಕ ಮಾರ್ಚ್ 23ಕ್ಕೆ 11,228. ನಡುವಿನ ಆ ವಾರಗಳಲ್ಲಿ ಅಡುಗೆಮನೆಯ ನೆಲದ ಮೇಲೆ ಕುಳಿತು ಮೊಬೈಲ್ ನೋಡುತ್ತಿದ್ದೆ. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದ್ದೂ ತಿಳಿಯಲಿಲ್ಲ. ಮೂರನೇ ವಾರ ಎಲ್ಲವನ್ನೂ ಮಾರಿದೆ. ಮಾರಿದ ಕ್ಷಣ ಹಗುರವಾಯಿತು, ಅದನ್ನೂ ಹೇಳಬೇಕು. ಇನ್ನೂ ಬೀಳುತ್ತದೆ, ಆಗ ಕೊಳ್ಳೋಣ ಎಂದು ನವೆಂಬರ್ ತನಕ ಕಾದೆ. ಜನವರಿಗೆ ಸೂಚ್ಯಂಕ ಹಳೆಯ ಎತ್ತರ ಮುಟ್ಟಿತ್ತು. ಈಗ ನನ್ನದು 80-20ರ ಫಂಡು. ಆ ಇಪ್ಪತ್ತು ಪಾಲು ಬಾಂಡ್ ಲಾಭಕ್ಕಲ್ಲ, ನನ್ನ ಕೈ ಹಿಡಿದುಕೊಳ್ಳುವುದಕ್ಕೆ. ನೀವು ಇಂಥ ಒಂದು ಕುಸಿತವನ್ನು ಸ್ವಂತ ದುಡ್ಡಿನಲ್ಲಿ ನೋಡಿದ್ದೀರಾ?

ನದಿದಂಡೆ (ಮಿಸ್ಸಿಸಾಗಾ)

ನೋಡಿಲ್ಲ. ಊರಿನಲ್ಲಿ ಆಗ ಇದ್ದದ್ದು ಎಫ್‌ಡಿ ಮತ್ತು ಅಪ್ಪ ಕಟ್ಟಿಸುತ್ತಿದ್ದ ಎಲ್‌ಐಸಿ. ಮ್ಯೂಚುವಲ್ ಫಂಡ್ ಕೊಂಡದ್ದು 2020ರ ಕೊನೆಗೆ. ಹಾಗಾದರೆ ನನಗೂ 80-20.

ಆರ್‌ಆರ್‌ಎಸ್‌ಪಿ ಮತ್ತು ಅಮೆರಿಕದ ಡಾಲರಿನ ಪ್ರಶ್ನೆ ಉಳಿಯಿತು.

ಒಂದೇ ಫಂಡು (ವಾಟರ್‌ಲೂ)

ಅಮೆರಿಕದ ಡಿವಿಡೆಂಡಿನಿಂದ ಅಲ್ಲಿನ ಸರ್ಕಾರ ನೂರಕ್ಕೆ 15 ತೆರಿಗೆ ಮುರಿದುಕೊಳ್ಳುತ್ತದೆ. ಅಮೆರಿಕದಲ್ಲೇ ನೋಂದಾಯಿತ ಫಂಡನ್ನು ಆರ್‌ಆರ್‌ಎಸ್‌ಪಿಯಲ್ಲಿ ಇಟ್ಟರೆ ಮುರಿಯುವುದಿಲ್ಲ. ಟಿಎಫ್‌ಎಸ್‌ಎಗೆ ಆ ವಿನಾಯಿತಿ ಇಲ್ಲ. ಉಳಿತಾಯ ಎಷ್ಟು? 20,000 ಡಾಲರಿನ ಫಂಡಿನಲ್ಲಿ ಅಮೆರಿಕದ ಪಾಲು 45 ಎಂದರೆ 9,000. ಅದರ ಡಿವಿಡೆಂಡ್ ನೂರಕ್ಕೆ ಒಂದೂಕಾಲು ಎಂದಿಟ್ಟುಕೊಳ್ಳಿ, 112 ಡಾಲರ್. ಅದರ ಹದಿನೈದು ಪ್ರತಿಶತ, ವರ್ಷಕ್ಕೆ ಹದಿನೇಳು ಡಾಲರ್. ಇದಕ್ಕಾಗಿ ಬ್ರೋಕರನಲ್ಲಿ ನೇರವಾಗಿ ಡಾಲರ್ ಬದಲಿಸಿದರೆ ಒಂದೂವರೆ ಪ್ರತಿಶತ ವಿನಿಮಯದ ಖರ್ಚು, 9,000ಕ್ಕೆ 135. ಎಂಟು ವರ್ಷದ ಉಳಿತಾಯ ಮೊದಲ ದಿನವೇ ಹೋಯಿತು.

ವಿನಿಮಯದ ಖರ್ಚು ತಪ್ಪಿಸಲು ನಾರ್ಬರ್ಟ್ಸ್ ಗ್ಯಾಂಬಿಟ್ ಎಂಬ ಉಪಾಯವಿದೆ. ಡಿಎಲ್‌ಆರ್ ಎಂಬ ಇಟಿಎಫನ್ನು ಕೆನಡಾದ ಡಾಲರಿನಲ್ಲಿ ಕೊಂಡು, ಅದನ್ನೇ ಅಮೆರಿಕದ ಡಾಲರಿನ ಬದಿಗೆ ಬದಲಿಸಿಕೊಡಿ ಎಂದು ಬ್ರೋಕರನಿಗೆ ಹೇಳಿ, ಅಲ್ಲಿ ಮಾರುವುದು. ಲಕ್ಷಗಟ್ಟಲೆ ಇದ್ದವರಿಗೆ ಸರಿ. ನಿಮಗೆ ಈಗ ಬೇಡ.

ಲೆಕ್ಕದಕ್ಕ (ಕ್ಯಾಲ್ಗರಿ)

ಮ್ಯೂಚುವಲ್ ಫಂಡ್ ಎಂದಿರಲ್ಲ, ಭಾರತದ್ದೇ? ಫ್ಲ್ಯಾಟ್ ಬಾಡಿಗೆಗಿದೆ ಎಂದೂ ಹೇಳಿದಿರಿ. ಒಟ್ಟು ಎಷ್ಟಿದೆ?

ನದಿದಂಡೆ (ಮಿಸ್ಸಿಸಾಗಾ)

ಬರುವಾಗ ಫ್ಲ್ಯಾಟ್ 55 ಲಕ್ಷ ಬಾಳುತ್ತಿತ್ತು. ಫಂಡುಗಳು ಸುಮಾರು 31 ಲಕ್ಷ, ಎನ್‌ಆರ್‌ಇ (ಅನಿವಾಸಿಗಳ ಖಾತೆಯ) ಎಫ್‌ಡಿ 12 ಲಕ್ಷ. ಎಲ್ಲ ನನ್ನ ಹೆಸರಿನಲ್ಲೇ. ಅದು ಊರಿನ ಲೆಕ್ಕವಲ್ಲವೇ, ಎನ್‌ಆರ್‌ಇ ಬಡ್ಡಿಗೆ ತೆರಿಗೆಯೂ ಇಲ್ಲ.

ಲೆಕ್ಕದಕ್ಕ (ಕ್ಯಾಲ್ಗರಿ)

ತೆರಿಗೆ ಇಲ್ಲದಿರುವುದು ಭಾರತದಲ್ಲಿ. ಕೆನಡಾದ ನಿವಾಸಿಗೆ ಜಗತ್ತಿನ ಎಲ್ಲ ಆದಾಯವೂ ಇಲ್ಲಿನ ಲೆಕ್ಕಕ್ಕೆ ಬರುತ್ತದೆ: ಆ ಬಡ್ಡಿ, ಫ್ಲ್ಯಾಟಿನ ಬಾಡಿಗೆ, ಫಂಡು ಮಾರಿದ ಲಾಭ. ಇದಲ್ಲದೆ ವಿದೇಶಿ ಆಸ್ತಿಯ ಮೂಲಬೆಲೆ 1,00,000 ಡಾಲರ್ ಮೀರಿದರೆ ಪ್ರತಿವರ್ಷ ಟಿ1135 ಎಂಬ ನಮೂನೆ ಕೊಡಬೇಕು. ಸ್ವಂತ ವಾಸದ ಮನೆ ಇದರಲ್ಲಿ ಸೇರುವುದಿಲ್ಲ, ಬಾಡಿಗೆಯದು ಸೇರುತ್ತದೆ. ಮೂಲಬೆಲೆ ಎಂದರೆ ನಿಮ್ಮಂಥವರಿಗೆ ಇಲ್ಲಿಗೆ ಬಂದ ದಿನದ ಪೇಟೆ ಬೆಲೆ. ನಿಮ್ಮದು ಮೀರಿದೆ, ಅನುಮಾನವೇ ಇಲ್ಲ. ಬಂದ ಮೊದಲ ವರ್ಷಕ್ಕೆ ವಿನಾಯಿತಿ, 2022ರಿಂದ ಕೊಡಬೇಕಿತ್ತು. ತಡವಾದರೆ ದಿನಕ್ಕೆ 25 ಡಾಲರ್, ವರ್ಷದ ಒಂದೊಂದು ನಮೂನೆಗೆ 2,500ರ ತನಕ ದಂಡ.

ಗಾಬರಿಯಾಗಬೇಡಿ. ಸಿಆರ್‌ಎ (ಕೆನಡಾದ ತೆರಿಗೆ ಇಲಾಖೆ) ಕೇಳುವ ಮೊದಲೇ ನಾವಾಗಿ ಒಪ್ಪಿಕೊಂಡರೆ ದಂಡ ಮನ್ನಾ ಮಾಡುವ ಸ್ವಯಂಘೋಷಣೆಯ ದಾರಿ ಇದೆ. ಎರಡೂ ದೇಶದ ತೆರಿಗೆ ಬಲ್ಲ ಲೆಕ್ಕಿಗರೊಬ್ಬರನ್ನು ಈ ವಾರವೇ ನೋಡಿ. ಅದಕ್ಕೆ ಖರ್ಚಾಗುವ ದುಡ್ಡು ಈ ಇಡೀ ಚರ್ಚೆಯಲ್ಲಿ ನಾವು ಉಳಿಸಿಕೊಟ್ಟದ್ದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಅಂದ ಹಾಗೆ, 31 ಲಕ್ಷ ಭಾರತದ ಫಂಡಿನಲ್ಲಿರುವವರಿಗೆ ಇಲ್ಲಿ ಇನ್ನೊಂದು ಭಾರತದ ಇಟಿಎಫ್ ಏತಕ್ಕೆ?

ರಿಡೋ ರಾಯರು (ಒಟ್ಟಾವ)

ಇದನ್ನು ಓದಿ ಸುಮ್ಮನಾದವರು ಇನ್ನೂ ಹತ್ತು ಜನ ಇರುತ್ತಾರೆ ನೋಡಿ.

ನದಿದಂಡೆ (ಮಿಸ್ಸಿಸಾಗಾ), ಫೆಬ್ರವರಿ 18

ಎದೆ ಧಸಕ್ಕೆಂದದ್ದು ಇಳಿಯಲು ಎರಡು ದಿನ ಬೇಕಾಯಿತು. ಲೆಕ್ಕಿಗರನ್ನು ನೋಡಿದೆ, ಐದು ವರ್ಷದ ಬ್ಯಾಂಕ್ ಪುಸ್ತಕ, ಫ್ಲ್ಯಾಟಿನ ಕರಾರುಪತ್ರ ಎಲ್ಲ ಕೇಳಿದ್ದಾರೆ. ಮೈಸೂರಿನಲ್ಲಿ ತಮ್ಮ ಕಪಾಟು ಹುಡುಕುತ್ತಿದ್ದಾನೆ.

ಬ್ಯಾಂಕಿನ ಫಂಡನ್ನು ನಾನು ಕೈಗೆ ತೆಗೆದುಕೊಳ್ಳದೆ, ಹೊಸ ಬ್ರೋಕರನ ವರ್ಗಾವಣೆ ನಮೂನೆ ತುಂಬಿ ಟಿಎಫ್‌ಎಸ್‌ಎಯಿಂದ ಟಿಎಫ್‌ಎಸ್‌ಎಗೇ ಕಳುಹಿಸುವಂತೆ ಕೇಳಿದ್ದೇನೆ. ಕೆಲವು ವಾರ ಹಿಡಿಯುತ್ತದಂತೆ. 13,000ವನ್ನು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಸರಿಯಾಗಿ ವಿಗ್ರೋಗೆ ಆರ್ಡರ್ ಹಾಕಿದೆ. ಹತ್ತಾಯಿತು, ಹನ್ನೊಂದಾಯಿತು, ಆರ್ಡರ್ ಕದಲಲಿಲ್ಲ. ಬೆಲೆ ತಪ್ಪಿತೇ, ಖಾತೆ ಕೆಟ್ಟಿತೇ ಎಂದು ಒದ್ದಾಡುತ್ತಿದ್ದೆ. ಹೆಂಡತಿ ಮಗಳ ಊಟದ ಡಬ್ಬಿ ತೊಳೆಯುತ್ತಾ, ಇವತ್ತು ಫ್ಯಾಮಿಲಿ ಡೇ ಅಲ್ಲವೇ, ಶಾಲೆಗೂ ರಜೆ ಎಂದಳು. ನನ್ನ ಕಚೇರಿಗೆ ಆ ರಜೆ ಇಲ್ಲ, ಟೊರೊಂಟೊ ಪೇಟೆಗೆ ಇದೆ. ಮಂಗಳವಾರ ಖರೀದಿ ಆಯಿತು.

ಒಂದು ಕೊನೆಯ ಪ್ರಶ್ನೆ. ಟಿಎಫ್‌ಎಸ್‌ಎ ನಮೂನೆಯಲ್ಲಿ ಹೆಂಡತಿಯ ಹೆಸರನ್ನು ಸಕ್ಸೆಸರ್ ಹೋಲ್ಡರ್ (ಖಾತೆಯ ಉತ್ತರಾಧಿಕಾರಿ) ಎಂದು ಬರೆಯಬೇಕೇ, ಬೆನಿಫಿಷಿಯರಿ (ಹಣ ಪಡೆಯುವವರು) ಎಂದು ಬರೆಯಬೇಕೇ?

ಲೆಕ್ಕದಕ್ಕ (ಕ್ಯಾಲ್ಗರಿ)

ಮೊದಲನೆಯದು. ಹಾಗೆ ಬರೆದರೆ ನಿಮ್ಮ ನಂತರ ಖಾತೆ ಇದ್ದ ಹಾಗೇ ಅವರದಾಗುತ್ತದೆ, ಅವರ ಮಿತಿಯನ್ನೂ ಮುಟ್ಟುವುದಿಲ್ಲ. ಅವರ ಖಾತೆಯಲ್ಲಿ ನಿಮ್ಮ ಹೆಸರನ್ನೂ ಇವತ್ತೇ ಬರೆಸಿ.